ದಾವೋಸ್‌ನಲ್ಲಿ ಸ್ಕೀ ಕಲಿತ ಮೂರು ದಿನ

ನವೆಂಬರಿನಲ್ಲಿ ಮಗಳ ಶಾಲೆಯಿಂದ ಒಂದು ಚೀಟಿ ಬಂತು. ಮುಂದಿನ ಚಳಿಗಾಲಕ್ಕೆ ಅವಳ ತರಗತಿ ಒಂದು ವಾರದ ಸ್ಕೀ ಶಿಬಿರಕ್ಕೆ, ಅಂದರೆ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನು ಕಲಿಯಲು, ಹೋಗುತ್ತದಂತೆ. ಮಗುವಿಗೆ ಸ್ಕೀ ಬರುತ್ತದೋ ಇಲ್ಲವೋ ಗುರುತು ಹಾಕಿ ಕಳಿಸಿ ಅಂತ ಕೇಳಿದ್ದರು. ನಾವು ಮೈಸೂರು ಬಿಟ್ಟು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಬಂದು ಮೂರು ವರ್ಷ ಆಗಿದೆ. ಇಲ್ಲಿಯ ಮಕ್ಕಳು ಮೂರು ನಾಲ್ಕನೇ ವಯಸ್ಸಿಗೇ ಸ್ಕೀ ಕಟ್ಟಿಕೊಂಡು ಹಿಮಕ್ಕೆ ಇಳಿಯುತ್ತವೆ, ನಮ್ಮ ಕಡೆ ಮಕ್ಕಳು ಸೈಕಲ್ ಕಲಿಯುವುದಕ್ಕಿಂತ ಮುಂಚೆ. ನಮ್ಮ ಮಗಳಿಗೆ ಹತ್ತು ವರ್ಷ. ಚೀಟಿಯಲ್ಲಿ "ಇಲ್ಲ" ಅನ್ನೋದಕ್ಕೆ ಗುರುತು ಹಾಕುವಾಗ ಅವಳ ಮುಖ ನೋಡಿದೆ. ಆಮೇಲೆ ಅವಳೇ ಕೇಳಿದಳು, "ಅಮ್ಮ, ನಾನು ಕಲಿತರೆ ನೀನೂ ನನ್ನ ಜೊತೆ ಕಲೀತೀಯಾ?"

ಹ್ಞೂಂ ಅಂದೆ. ನನಗೆ ಮೂವತ್ತೊಂಬತ್ತು.

ಫೆಬ್ರವರಿಯಲ್ಲಿ ಇಲ್ಲಿ ಶಾಲೆಗಳಿಗೆ ಎರಡು ವಾರ ಕ್ರೀಡಾ ರಜೆ ಕೊಡುತ್ತಾರೆ. ಊರಿಗೆ ಊರೇ ಬೆಟ್ಟಕ್ಕೆ ಹೋಗುವ ಕಾಲ ಅದು. ನಾವು ದಾವೋಸ್ ಅಂತ ಮಾಡಿಕೊಂಡೆವು. ದಾವೋಸ್ ಅಂದರೆ ನಮ್ಮವರಿಗೆಲ್ಲ ಗೊತ್ತಿರುವುದು ಪ್ರತಿ ಜನವರಿಯಲ್ಲಿ ಮಂತ್ರಿಗಳು, ಉದ್ಯಮಿಗಳು ಸೇರುವ ಆ ದೊಡ್ಡ ಸಭೆಯಿಂದ. ಸಭೆ ಮುಗಿದ ಮೇಲೆ ಅದು ಮತ್ತೆ ಒಂದು ಬೆಟ್ಟದ ಊರು. ಅಲ್ಲಿ ಪಾರ್ಸೆನ್, ಯಾಕೋಬ್ಸ್‌ಹಾರ್ನ್ ಅಂತ ದೊಡ್ಡ ಸ್ಕೀ ಬೆಟ್ಟಗಳಿವೆ. ನನ್ನ ಜೊತೆ ಕೆಲಸ ಮಾಡುವ, ಅದೇ ಕಡೆ ಹುಟ್ಟಿ ಬೆಳೆದ ಒಬ್ಬರು ಮಾತ್ರ ಬೇರೆ ಹೇಳಿದರು. "ಮೊದಲ ಸಲ ದೊಡ್ಡದಕ್ಕೆ ಹೋಗಬೇಡಿ. ಊರಿನ ಪಕ್ಕ ರೀನರ್‌ಹಾರ್ನ್ ಅಂತ ಸಣ್ಣದೊಂದಿದೆ. ಜನ ಕಡಿಮೆ. ಅಲ್ಲಿ ಮೇಲಿನ ಲಿಫ್ಟ್ ಎಲ್ಲ ಹಳೆಯ ಕಾಲದ್ದು, ನಿಂತವರನ್ನು ಗುಡ್ಡದ ಮೇಲಕ್ಕೆ ಎಳೆದುಕೊಂಡು ಹೋಗುವಂಥದ್ದು. ಅದರಲ್ಲಿ ಹತ್ತುವುದನ್ನು ಕಲಿತರೆ ಇಳಿಯುವುದು ತಾನಾಗಿ ಬರುತ್ತೆ." ಆ ಕೊನೆಯ ಮಾತು ಆಗ ನನಗೆ ಅರ್ಥ ಆಗಲಿಲ್ಲ. ಮೂರನೇ ದಿನ ಆಯ್ತು.

ಜ್ಯೂರಿಕ್‌ನಿಂದ ಲಾಂಡ್‌ಕ್ವಾರ್ಟ್ ತನಕ ದೊಡ್ಡ ರೈಲು, ಒಂದು ಗಂಟೆ ಹೆಚ್ಚುಕಮ್ಮಿ. ಅಲ್ಲಿ ಇಳಿದು ರೇಟಿಯನ್ ರೈಲ್ವೆಯ ಕೆಂಪು ರೈಲು ಹತ್ತಬೇಕು. ಅದು ಮೀಟರ್ ಗೇಜ್. ಚಿಕ್ಕವಳಿದ್ದಾಗ ಮೈಸೂರಿನಿಂದ ಅರಸೀಕೆರೆಗೆ ಹೋಗುತ್ತಿದ್ದ ಮೀಟರ್ ಗೇಜ್ ರೈಲು ನೆನಪಾಯ್ತು. ಇದು ಬೆಟ್ಟ ಹತ್ತುವ ರೈಲು. ಲಾಂಡ್‌ಕ್ವಾರ್ಟ್ 500 ಮೀಟರ್ ಎತ್ತರದ ಆಸುಪಾಸು ಇದ್ದರೆ ದಾವೋಸ್ 1,500 ಮೀಟರಿಗೂ ಮೇಲೆ. ಕೆಳಗೆ ಬರೀ ಒದ್ದೆ ಹುಲ್ಲು ಇತ್ತು. ಕ್ಲೋಸ್ಟರ್ಸ್ ಬರುವಷ್ಟರಲ್ಲಿ ಮನೆಗಳ ಮಾಡಿನ ಮೇಲೆ ಮೊಳದುದ್ದ ಹಿಮ ಕೂತಿತ್ತು. ಮಗಳು ಕಿಟಕಿಗೆ ಮೂಗು ಒತ್ತಿಕೊಂಡವಳು ದಾವೋಸ್ ತನಕ ತೆಗೆಯಲಿಲ್ಲ.

ಈ ಊರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಇಲ್ಲಿಗೆ ಮೊದಲು ಜನ ಬಂದದ್ದು ಆಟಕ್ಕಲ್ಲ, ಕ್ಷಯ ರೋಗ ವಾಸಿಮಾಡಿಕೊಳ್ಳಲು. ಅಲೆಕ್ಸಾಂಡರ್ ಸ್ಪೆಂಗ್ಲರ್ ಅನ್ನುವ ಜರ್ಮನ್ ವೈದ್ಯರು 1853ರಲ್ಲಿ ಇಲ್ಲಿಗೆ ಕೆಲಸಕ್ಕೆ ಬಂದರು. ಈ ಕಣಿವೆಯ ಜನಕ್ಕೆ ಕ್ಷಯ ಬರುವುದು ತೀರಾ ಕಡಿಮೆ ಅನ್ನುವುದನ್ನು ಗಮನಿಸಿದರು. 1865ರಿಂದ ಚಳಿಗಾಲದಲ್ಲೂ ರೋಗಿಗಳು ಬಂದು ಉಳಿಯಲು ಶುರುವಾಯ್ತು. ಬಿಸಿಲಿಗೆ ಮುಖ ಮಾಡಿದ ಉದ್ದನೆಯ ಬಾಲ್ಕನಿಗಳ ಹಳೆಯ ಕಟ್ಟಡಗಳು ಈಗಲೂ ಇವೆ. ಅವುಗಳನ್ನು ನೋಡಿದಾಗ ನನಗೆ ನಮ್ಮ ಮೈಸೂರಿನ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಆಸ್ಪತ್ರೆ ಕಣ್ಣ ಮುಂದೆ ಬಂತು. ನಮ್ಮ ಅಜ್ಜನ ತಮ್ಮ ಅಲ್ಲಿ ತಿಂಗಳುಗಟ್ಟಲೆ ಇದ್ದರು. ಮಾತ್ರೆ ಬರುವುದಕ್ಕೆ ಮುಂಚೆ ಒಳ್ಳೆಯ ಗಾಳಿ, ಬಿಸಿಲು, ಊಟ, ವಿಶ್ರಾಂತಿ ಇಷ್ಟೇ ಔಷಧಿ. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

ಸಾಮಾನು ಬಾಡಿಗೆಗೆ ಹೋದದ್ದು ಅವತ್ತೇ ಸಂಜೆ. ಇಲ್ಲಿ ಆದ ಒಂದು ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸಬರಲ್ಲಿ ತುಂಬಾ ಜನಕ್ಕೆ ಇದೇ ಆಗುತ್ತದಂತೆ. ಅಂಗಡಿ ತುಂಬ ಜನ. ಕೌಂಟರಿನ ಹುಡುಗ ನನ್ನ ಪಾದ ಅಳೆಯಲೇ ಇಲ್ಲ. ಚಪ್ಪಲಿ ಸೈಜು ಕೇಳಿದ, ಹೇಳಿದೆ, ಒಂದು ಜೊತೆ ಬೂಟು ತಂದಿಟ್ಟ. ನಾನು ಚಳಿಗೆ ಅಂತ ಎರಡೆರಡು ಜೊತೆ ದಪ್ಪ ಕಾಲುಚೀಲ ಹಾಕಿದ್ದೆ. ಹಾಕಿ ನೋಡಿದಾಗ ಆರಾಮ ಅನ್ನಿಸಿತು. ಆರಾಮ ಅನ್ನಿಸಿದ್ದೇ ತಪ್ಪು. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು, ಪಾದವನ್ನು ಹಿಡಿದುಕೊಂಡ ಹಾಗೆ ಬಿಗಿಯಾಗಿ ಇರಬೇಕು. ನೇರ ನಿಂತಾಗ ಬೆರಳ ತುದಿ ಮುಂದಕ್ಕೆ ಸ್ವಲ್ಪ ತಾಗಬೇಕು, ಮಂಡಿ ಬಗ್ಗಿಸಿದರೆ ಹಿಂದಕ್ಕೆ ಸರಿಯಬೇಕು, ಹಿಮ್ಮಡಿ ಮಾತ್ರ ಏನು ಮಾಡಿದರೂ ಮೇಲೆ ಏಳಬಾರದು. ಕಾಲುಚೀಲ ಒಂದೇ ಜೊತೆ, ತೆಳುವಾದದ್ದು, ಮಂಡಿಯ ಹತ್ತಿರದ ತನಕ ಬರುವಂಥದ್ದು. ಇದೆಲ್ಲ ನನಗೆ ಮಾರನೇ ದಿನ ಸಂಜೆ ಗೊತ್ತಾಯ್ತು, ಕಾಲಿನ ಮುಂದಿನ ಮೂಳೆ ಉಜ್ಜಿ ಉಜ್ಜಿ ಕೆಂಪಗೆ ಬಾತುಕೊಂಡ ಮೇಲೆ.

ರೀನರ್‌ಹಾರ್ನ್ ಮೂರನೇ ದಿನಕ್ಕೆ ಅಂತ ಇಟ್ಟುಕೊಂಡು, ಮೊದಲ ದಿನ ಹೋದದ್ದು ಬೋಲ್ಗೆನ್‌ಗೆ. ದಾವೋಸ್ ಪ್ಲಾಟ್ಸ್ ಸ್ಟೇಶನ್ನಿಂದ ನಡೆದೇ ಹೋಗಬಹುದಾದ, ಯಾಕೋಬ್ಸ್‌ಹಾರ್ನ್ ಬೆಟ್ಟದ ಬುಡದಲ್ಲಿರುವ ಸಣ್ಣ ಇಳಿಜಾರು. ಕಲಿಯುವವರಿಗೆ ಅಂತಲೇ ಇರುವ ಜಾಗ. ಮಗಳಿಗೆ ಮಕ್ಕಳ ಗುಂಪು, ನನಗೂ ನನ್ನ ಗಂಡನಿಗೂ ದೊಡ್ಡವರ ಗುಂಪು. ನಮಗೆ ಕಲಿಸಿದವರು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಬಿಸಿಲಿಗೆ ಕಪ್ಪಾದ ಮುಖ, ಕನ್ನಡಕದ ಜಾಗ ಮಾತ್ರ ಬೆಳ್ಳಗೆ. ಅವರ ಬಾಯಲ್ಲಿ ಒಂದೇ ಮಾತು, "ಲಾಂಗ್‌ಸಾಮ್, ಲಾಂಗ್‌ಸಾಮ್." ನಿಧಾನ, ನಿಧಾನ.

ಮೊದಲ ಅರ್ಧ ಗಂಟೆ ಸ್ಕೀ ಕಟ್ಟಿದ್ದು ಒಂದೇ ಕಾಲಿಗೆ. ಇನ್ನೊಂದು ಕಾಲಲ್ಲಿ ತಳ್ಳಿಕೊಂಡು ಸಪಾಟು ಜಾಗದಲ್ಲಿ ಸುತ್ತಬೇಕು. ಆಮೇಲೆ ಎರಡೂ ಕಾಲಿಗೆ. ಕಟ್ಟುವುದಕ್ಕೂ ಒಂದು ಕ್ರಮ ಇದೆ. ಬೂಟಿನ ತಳಕ್ಕೆ ಅಂಟಿದ ಹಿಮವನ್ನು ಕೈಯಲ್ಲಿ ಹಿಡಿಯುವ ಸ್ಕೀ ಕೋಲಿನಿಂದ ಕೆರೆದು ತೆಗೆಯಬೇಕು. ಮೊದಲು ಬೂಟಿನ ಮೂತಿ ಒಳಗೆ, ಆಮೇಲೆ ಹಿಮ್ಮಡಿ ಒತ್ತಬೇಕು, ಟಕ್ ಅಂತ ಕೂತುಕೊಳ್ಳುತ್ತೆ. ಇಳಿಜಾರಿನಲ್ಲಿ ನಿಂತಿದ್ದರೆ ಸ್ಕೀಗಳನ್ನು ಇಳಿಜಾರಿಗೆ ಅಡ್ಡವಾಗಿ ಇಟ್ಟು, ಕೆಳಗಿನ ಕಾಲಿನದ್ದನ್ನು ಮೊದಲು ಕಟ್ಟಬೇಕು. ಇಲ್ಲದಿದ್ದರೆ ಕಟ್ಟುವ ಮೊದಲೇ ಹೊರಟು ಹೋಗುತ್ತೀರಿ.

ಆಮೇಲೆ ಬೀಳುವುದನ್ನು ಕಲಿಸಿದರು. ಇದು ನನಗೆ ತುಂಬಾ ಇಷ್ಟ ಆಯ್ತು. ಬೀಳಬೇಡಿ ಅನ್ನಲಿಲ್ಲ, ಹೀಗೆ ಬೀಳಿ ಅಂದರು. ಪಕ್ಕಕ್ಕೆ, ಬೆಟ್ಟದ ಕಡೆಗೆ, ಸೊಂಟದ ಮೇಲೆ. ಹಿಂದಕ್ಕೆ ಕೂರಬಾರದು, ಕೈ ಊರಬಾರದು. ಎದ್ದೇಳುವಾಗ ಸ್ಕೀ ಎರಡೂ ನಿಮಗಿಂತ ಕೆಳಗಿರಬೇಕು, ಇಳಿಜಾರಿಗೆ ಅಡ್ಡ ಇರಬೇಕು. ಹತ್ತು ಸಲ ಬಿದ್ದು ಎದ್ದ ಮೇಲೆ ಮೈಯಲ್ಲಿದ್ದ ಹೆದರಿಕೆ ಅರ್ಧ ಇಳಿದು ಹೋಯ್ತು. ನಿಜವಾಗಿ.

ನಿಲ್ಲುವುದಕ್ಕೆ ಕಲಿಸುವ ಮೊದಲ ಪಾಠಕ್ಕೆ ಜರ್ಮನ್‌ನಲ್ಲಿ ಹಿಮದ ನೇಗಿಲು ಅನ್ನುತ್ತಾರೆ. ಸ್ಕೀಗಳ ಮೂತಿ ಹತ್ತಿರ, ಹಿಂಭಾಗ ಅಗಲ. ಮಕ್ಕಳಿಗೆ ಇದೇ ಪಿಜ್ಜಾ. ನೇರ ಇಟ್ಟರೆ ಪೊಮ್ಮ್, ಅಂದರೆ ಆಲೂಗಡ್ಡೆ ಫ್ರೈ. ಪಕ್ಕದ ಮಕ್ಕಳ ಗುಂಪಿನಿಂದ ಬೆಳಗಿನಿಂದ ಸಂಜೆ ತನಕ "ಪಿಜ್ಜಾ! ಪಿಜ್ಜಾ!" ಅನ್ನೋ ಕೂಗು ಕೇಳುತ್ತಲೇ ಇತ್ತು. ನೇಗಿಲು ಅಂದಾಗ ನನಗೆ ಬೇಗ ತಲೆಗೆ ಹೋಯ್ತು. ಹಿಮ್ಮಡಿಯಿಂದ ಹೊರಕ್ಕೆ ಒತ್ತಿದಷ್ಟೂ ಸ್ಕೀಯ ಒಳ ಅಂಚು ಹಿಮವನ್ನು ಕೆರೆದುಕೊಂಡು ಹೋಗುತ್ತದೆ, ವೇಗ ಇಳಿಯುತ್ತದೆ. ಆದರೆ ಮೈ ಒಪ್ಪುವುದಿಲ್ಲ. ಇಳಿಜಾರು ಕಂಡ ತಕ್ಷಣ ಮೈ ಹಿಂದಕ್ಕೆ ವಾಲುತ್ತದೆ, ಅದು ಹುಟ್ಟಿನಿಂದ ಬಂದದ್ದು. ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗ ಹಗುರಾಗಿ ಮಾತೇ ಕೇಳುವುದಿಲ್ಲ, ವೇಗ ಜಾಸ್ತಿ ಆಗುತ್ತದೆ. ಮುಂದಕ್ಕೆ, ಅಂದರೆ ಹೆದರಿಕೆಯ ಕಡೆಗೇ ಬಾಗಬೇಕು. ಬೂಟಿನ ಮುಂದಿನ ನಾಲಿಗೆಗೆ ಕಾಲು ಒತ್ತುತ್ತಲೇ ಇರಬೇಕು.

ಅಲ್ಲೇ ನನ್ನ ಬೂಟಿನ ಕಷ್ಟ ಶುರು ಆದದ್ದು. ನಾನು ಮುಂದಕ್ಕೆ ಬಾಗಿದರೆ ಬೂಟು ಅಲ್ಲೇ ನಿಂತು ಹಿಮ್ಮಡಿ ಮಾತ್ರ ಒಳಗೆ ಏಳುತ್ತಿತ್ತು. ಬಲಕ್ಕೆ ತಿರುಗು ಅಂತ ಕಾಲು ಹೇಳಿದ್ದು ಸ್ಕೀಗೆ ಮುಟ್ಟುತ್ತಲೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನಿಂದ ಆಗಲ್ಲ ಅನ್ನಿಸಿಬಿಟ್ಟಿತ್ತು. ಗುಂಪಿನಲ್ಲಿ ಎಲ್ಲರೂ ತಿರುಗುತ್ತಿದ್ದಾರೆ, ನಾನೊಬ್ಬಳೇ ನೇರ ಹೋಗಿ ಬಲೆಗೆ ತಾಗಿ ನಿಲ್ಲುತ್ತಿದ್ದೇನೆ. ಟೀಚರಮ್ಮ ಬಂದು ಬಗ್ಗಿ ನನ್ನ ಬೂಟಿನ ಕೊಂಡಿ ಬಿಚ್ಚಿ, ಒಳಗೆ ಎರಡು ಬೆರಳು ತೂರಿಸಿದರು. ತಲೆ ಅಲ್ಲಾಡಿಸಿದರು. "ನೀವು ಸರಿಯಾಗೇ ಮಾಡುತ್ತಿದ್ದೀರಿ, ಬೂಟು ನಿಮ್ಮದಲ್ಲ" ಅಂದರು. ಆ ಮಾತು ಕೇಳಿ ಕಣ್ಣಲ್ಲಿ ನೀರು ಬಂತು ಅಂದರೆ ನಂಬಬೇಕು.

ಸಂಜೆ ಬೂಟು ಬದಲಿಸಿದೆ. ಈ ಸಲ ಅಂಗಡಿಯಲ್ಲಿದ್ದ ಹೆಂಗಸು ಪಾದವನ್ನು ಹಲಗೆಯ ಮೇಲೆ ಇಡಿಸಿ ಅಳೆದರು. ಸ್ಕೀ ಬೂಟಿನ ಸೈಜು ಅಂದರೆ ಪಾದದ ಉದ್ದ ಸೆಂಟಿಮೀಟರಿನಲ್ಲಿ. ನನ್ನದು 24.5. ಕೊಟ್ಟಿದ್ದದ್ದು 26! ಬೂಟು ಬದಲಾದರೆ ಅದನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಕೂಡ ಮತ್ತೆ ಹೊಂದಿಸಬೇಕು. ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಎಷ್ಟು ಕಲಿತಿದ್ದೀರಿ ಇದೆಲ್ಲ ಲೆಕ್ಕ ಹಾಕಿ ಅದಕ್ಕೊಂದು ನಂಬರು ಇಡುತ್ತಾರೆ. ಬಿದ್ದಾಗ ಅಷ್ಟು ಬಲಕ್ಕೆ ಬೈಂಡಿಂಗ್ ಬಿಟ್ಟುಕೊಂಡು ಸ್ಕೀ ಕಾಲಿನಿಂದ ಕಳಚಬೇಕು, ಇಲ್ಲದಿದ್ದರೆ ಮಂಡಿ ತಿರುಚುತ್ತದೆ. ಆದ್ದರಿಂದ ದಯವಿಟ್ಟು ತೂಕ ಕೇಳಿದಾಗ ಇರುವುದನ್ನೇ ಹೇಳಿ.

ಎರಡನೇ ದಿನ ಬೇರೆಯೇ ಲೋಕ. ಕಾಲು ಒತ್ತಿದ್ದಕ್ಕೆ ಸ್ಕೀ ಉತ್ತರ ಕೊಡುತ್ತಿತ್ತು. ಬಲಗಾಲಿಗೆ ಭಾರ ಹಾಕಿದರೆ ಎಡಕ್ಕೆ, ಎಡಗಾಲಿಗೆ ಹಾಕಿದರೆ ಬಲಕ್ಕೆ. ಮೊದಮೊದಲು ಇದು ತಿರುಗುಮುರುಗು ಅನ್ನಿಸಿದರೂ ಹತ್ತು ಸಲ ಮಾಡಿದರೆ ಮೈಗೆ ಹತ್ತುತ್ತದೆ. ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ, ಸ್ಕೀ ನೋಡಬೇಡಿ ಅಂತ ಹೇಳಿಕೊಟ್ಟರು. ಸ್ಕೂಟರ್ ಕಲಿಸುವಾಗ ನಮ್ಮ ಅಪ್ಪನೂ ಇದನ್ನೇ ಹೇಳುತ್ತಿದ್ದರು. ಇಷ್ಟು ದಿನ ಮೇಲೆ ಹೋಗುವುದಕ್ಕೆ ನಾವು ಬಳಸುತ್ತಿದ್ದದ್ದು ರಬ್ಬರ್ ಪಟ್ಟಿ, ವಿಮಾನ ನಿಲ್ದಾಣದಲ್ಲಿ ನಿಂತುಕೊಂಡರೆ ಮುಂದೆ ಕರೆದೊಯ್ಯುತ್ತದಲ್ಲ, ಅಂಥದ್ದು. ಮಧ್ಯಾಹ್ನ ಟೀಚರಮ್ಮ ಪಕ್ಕದಲ್ಲಿದ್ದ ಎಳೆಯುವ ಲಿಫ್ಟಿನ ಕಡೆ ಕೈ ತೋರಿಸಿದರು.

ಮೇಲೆ ಒಂದು ಉಕ್ಕಿನ ಹಗ್ಗ ಸುತ್ತುತ್ತಲೇ ಇರುತ್ತದೆ. ಅದರಿಂದ ಉದ್ದನೆಯ ಕೋಲೊಂದು ಜೋತಾಡುತ್ತದೆ, ತುದಿಯಲ್ಲಿ ಅಡ್ಡಪಟ್ಟಿ, ತಲೆಕೆಳಗು ಮಾಡಿದ ಟಿ ಹಾಗೆ. ಇಬ್ಬರು ಅಕ್ಕಪಕ್ಕ ನಿಂತರೆ ಅಡ್ಡಪಟ್ಟಿ ಇಬ್ಬರ ಹಿಂದೆ ತೊಡೆಯ ಮೇಲ್ಭಾಗಕ್ಕೆ ತಾಗಿ, ನಿಂತವರನ್ನು ನಿಂತ ಹಾಗೆಯೇ ಗುಡ್ಡದ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಸ್ಕೀ ಹಿಮದ ಮೇಲೇ ಇರುತ್ತದೆ. ಕೂರುವ ಹಾಗಿಲ್ಲ. ಕೂತರೆ ಕೋಲಿನ ಹಗ್ಗ ಬಿಚ್ಚಿಕೊಂಡು ನೆಲಕ್ಕೆ ಇಳಿಸಿಬಿಡುತ್ತದೆ. ಇಲ್ಲಿಯವರು ಇದಕ್ಕೆ ಬ್ಯೂಗೆಲ್ ಅನ್ನುತ್ತಾರೆ.

ಅವತ್ತು ನಾನು ನಿಂತಿದ್ದ ಜಾಗಕ್ಕೆ ಒಂದು ಚರಿತ್ರೆ ಇದೆ ಅಂತ ಟೀಚರಮ್ಮ ಸಾಲಿನಲ್ಲಿ ಕಾಯುವಾಗ ಹೇಳಿದರು. ಎರ್ನ್ಸ್ಟ್ ಕಾನ್ಸ್ಟಮ್ ಅನ್ನುವ ಜ್ಯೂರಿಕ್‌ನ ಎಂಜಿನಿಯರ್ ಈ ಥರದ ಲಿಫ್ಟನ್ನು ಮೊದಲು ಕಟ್ಟಿದ್ದು ಇದೇ ಬೋಲ್ಗೆನ್ ಇಳಿಜಾರಿನಲ್ಲಿ. ಶುರುವಾದದ್ದು 1934ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ. ಮೊದಲು ಒಬ್ಬೊಬ್ಬರನ್ನೇ ಎಳೆಯುವ ಕೊಕ್ಕೆ ಇತ್ತು, ಇಬ್ಬರದ್ದು ಆಮೇಲೆ ಬಂತು. ಅದಕ್ಕೆ ಮುಂಚೆ ಇಂಥ ಸಣ್ಣ ಗುಡ್ಡಗಳಲ್ಲಿ ಒಂದು ಸಲ ಇಳಿಯಬೇಕಾದರೆ ಅಷ್ಟು ದೂರ ಕಾಲಲ್ಲೇ ಹತ್ತಬೇಕಿತ್ತು. ಇಡೀ ದಿನಕ್ಕೆ ನಾಲ್ಕೈದು ಇಳಿತ ಸಿಕ್ಕರೆ ಹೆಚ್ಚು. ಕಲಿಯುವವರಿಗೆ ಬೇಕಾದದ್ದು ಮತ್ತೆ ಮತ್ತೆ ಇಳಿಯುವುದು, ಅಲ್ವಾ? ಆ ಹಗ್ಗ ಬಂದ ಮೇಲೇ ಸ್ಕೀ ಸಾಮಾನ್ಯ ಜನರ ಕೈಗೆ ಸಿಕ್ಕಿದ್ದು ಅಂತ ಅವರು ಹೇಳಿದಾಗ ಆ ಹಳೆಯ ಕಂಬಗಳ ಮೇಲೆ ನನಗೆ ಗೌರವ ಬಂತು.

ಮೊದಲ ಸಲ ಹತ್ತು ಮೀಟರಿಗೆ ಬಿದ್ದೆ. ಕೂತುಬಿಟ್ಟಿದ್ದೆ. ಎರಡನೇ ಸಲ ಗಂಡನ ಜೊತೆ ಹೋದೆ. ಅವರು ಆರಡಿ, ನಾನು ಐದಡಿ ಎರಡಿಂಚು. ಅಡ್ಡಪಟ್ಟಿ ಅವರ ತೊಡೆಗೆ ಬಂದರೆ ನನ್ನ ಸೊಂಟಕ್ಕಿಂತ ಮೇಲೆ, ನನಗೆ ಸರಿ ಮಾಡಿದರೆ ಅವರ ಮಂಡಿಯ ಹಿಂದೆ. ಅರ್ಧಕ್ಕೆ ಇಬ್ಬರೂ ಬಿದ್ದೆವು. ಬಿದ್ದರೆ ಮಾಡಬೇಕಾದದ್ದು ಒಂದೇ: ಕೋಲು ಬಿಟ್ಟು ತಕ್ಷಣ ಎಳೆಯುವ ಜಾಡಿನಿಂದ ಪಕ್ಕಕ್ಕೆ ಉರುಳಬೇಕು, ಹಿಂದೆ ಬರುವವರು ಮೇಲೆ ಬೀಳದ ಹಾಗೆ. ಸಂಜೆ ತನಕ ಆರು ಸಲ ಪ್ರಯತ್ನ ಮಾಡಿ ಎರಡು ಸಲ ಮೇಲೆ ಮುಟ್ಟಿದೆ. ರಾತ್ರಿ ಮಲಗಿದಾಗಲೂ ತೊಡೆಯ ಹಿಂದೆ ಆ ಪಟ್ಟಿ ಒತ್ತಿದ ಹಾಗೇ ಅನ್ನಿಸುತ್ತಿತ್ತು. ನಾಳೆ ಹೋಗುವ ಗುಡ್ಡದಲ್ಲಿ ಇರುವುದೆಲ್ಲ ಇದೇ ಅಂತ ನೆನಪಾಗಿ ಎಷ್ಟೋ ಹೊತ್ತು ನಿದ್ದೆ ಬರಲಿಲ್ಲ.

ಮೂರನೇ ದಿನ ಬೆಳಿಗ್ಗೆ ದಾವೋಸ್ ಪ್ಲಾಟ್ಸ್‌ನಿಂದ ಫಿಲಿಸೂರ್ ಕಡೆ ಹೋಗುವ ಸಣ್ಣ ರೈಲು ಹಿಡಿದೆವು. ಫ್ರೌವೆನ್‌ಕಿರ್ಖ್ ಆದ ಮೇಲೆ ಗ್ಲಾರಿಸ್. ಒಂದು ಸ್ಟೇಶನ್, ಕೆಲವು ಮನೆ, ಹೊಳೆ, ಹೊಳೆಯಾಚೆ ಕಪ್ಪಗಿನ ಕಾಡು. ಲಿಫ್ಟಿನ ಕೆಳ ನಿಲ್ದಾಣ ರೈಲಿನ ಪಕ್ಕದಲ್ಲೇ. ಸಾಲೇ ಇಲ್ಲ. ದಿನದ ಪಾಸು ಒಂದು ಕಾರ್ಡು, ಅದನ್ನು ಜಾಕೆಟ್ಟಿನ ಎಡ ಜೇಬಿನಲ್ಲಿ ಒಂದೇ ಇಟ್ಟುಕೊಂಡರೆ ಗೇಟು ತಾನಾಗಿ ಓದಿಕೊಳ್ಳುತ್ತದೆ, ಫೋನಿನ ಜೊತೆ ಇಟ್ಟರೆ ಓದುವುದಿಲ್ಲ. ಸಣ್ಣ ತೊಟ್ಟಿಲಿನಂಥ ಗೊಂಡೋಲಾದಲ್ಲಿ ಕೂತು ಮರಗಳ ತಲೆಯ ಮೇಲೆ ಹೋದೆವು. ಮೇಲೆ ಇಳಿಯುವ ಜಾಗಕ್ಕೆ ಯಾಟ್ಸ್‌ಮೇಡರ್ ಅಂತ ಹೆಸರು. 2,000 ಮೀಟರಿಗೂ ಮೇಲೆ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಅದರ ತುದಿಗಿಂತ ಮೇಲೆ ನಿಂತು ನಾವು ಇನ್ನೂ ಹತ್ತಲು ಶುರು ಮಾಡಬೇಕಿತ್ತು.

ಆಕಾಶ ಗಾಢ ನೀಲಿ. ಗಾಳಿ ಇಲ್ಲ. ರಾತ್ರಿ ಯಂತ್ರ ಓಡಿಸಿ ಸಮ ಮಾಡಿದ ಹಿಮದಲ್ಲಿ ಹೊಸದಾಗಿ ಉತ್ತ ಹೊಲದ ಹಾಗೆ ಸಣ್ಣ ಸಣ್ಣ ಸಾಲು. ನೈಋತ್ಯಕ್ಕೆ ಟಿಂಟ್ಸೆನ್‌ಹಾರ್ನ್ ಬೆಟ್ಟ ಕಲ್ಲಿನ ಮೂತಿ ಎತ್ತಿ ನಿಂತಿತ್ತು. ಮೈಸೂರಿಗೆ ವಿಡಿಯೋ ಕಾಲ್ ಮಾಡಿ ಅಮ್ಮನಿಗೆ ಸುತ್ತ ತೋರಿಸಿದೆ. "ಅಯ್ಯೋ, ಇಷ್ಟು ಬಿಸಿಲಿದೆ, ಕರಗಲ್ವೇನೇ ಅದು?" ಅಂದರು. ಆಮೇಲೆ, "ಮಗೂನ ಹುಷಾರಾಗಿ ನೋಡ್ಕೋ, ನೀನೂ ಎಲ್ಲಾದ್ರೂ ಕೈಕಾಲು ಮುರ್ಕೋಬೇಡ." ಬಿಸಿಲಿನ ವಿಚಾರ ಅಮ್ಮ ಹೇಳಿದ್ದು ಸರಿಯೇ. ಹಿಮ ಬಿಸಿಲನ್ನು ಕನ್ನಡಿ ಹಾಗೆ ಮುಖಕ್ಕೆ ಎಸೆಯುತ್ತದೆ. ಸನ್‌ಸ್ಕ್ರೀನ್ ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಕೆಳಗೂ ಹಚ್ಚಬೇಕು, ಒಳ್ಳೆಯ ಕನ್ನಡಕ ಇಲ್ಲದೆ ಬರಲೇಬಾರದು.

ಎಳೆಯುವ ಲಿಫ್ಟಿನ ಬುಡದಲ್ಲಿ ನಿಂತಾಗ ಎದೆ ಹೊಡೆದುಕೊಳ್ಳುತ್ತಿತ್ತು. ಇದು ಬೋಲ್ಗೆನ್‌ದಕ್ಕಿಂತ ಉದ್ದ, ಎಲ್ಲಿ ಮುಗಿಯುತ್ತದೆ ಅಂತಲೇ ಕಾಣುವುದಿಲ್ಲ. ಮಗಳು ಅವಳ ಗುಂಪಿನ ಹುಡುಗಿಯೊಬ್ಬಳ ಜೊತೆ ಆಗಲೇ ಹೊರಟು ಹೋಗಿದ್ದಳು. ನನ್ನ ಪಕ್ಕಕ್ಕೆ ಒಬ್ಬ ಅಜ್ಜಿ ಬಂದು ನಿಂತರು. ಎಪ್ಪತ್ತೈದು ಇರಬಹುದು, ಎತ್ತರ ಸರಿಯಾಗಿ ನನ್ನಷ್ಟೇ. ಒಟ್ಟಿಗೆ ಹೋಗೋಣವಾ ಅಂತ ಕೇಳಿದರು. ನಾನು ಹೊಸಬಳು, ನಿಮ್ಮನ್ನೂ ಬೀಳಿಸಿಬಿಡುತ್ತೇನೆ ಅಂದೆ. "ಬಿದ್ದರೆ ಬಿದ್ದೆವು" ಅಂದರು. ಲಿಫ್ಟ್ ನೋಡಿಕೊಳ್ಳುವ ಅಣ್ಣ ನಮ್ಮ ಮಾತು ಕೇಳಿಸಿಕೊಂಡು ಹಗ್ಗವನ್ನು ನಿಧಾನ ಮಾಡಿ, ಕೋಲನ್ನು ಹಿಡಿದು ತಂದು ನಮ್ಮಿಬ್ಬರ ಹಿಂದೆ ಸರಿಯಾಗಿ ಕೂರಿಸಿದರು.

"ನನ್ನ ಹೆಗಲಿಗೆ ನಿಮ್ಮ ಹೆಗಲು ಒರಗಿಸಿ" ಅಂದರು ಅಜ್ಜಿ. "ಸ್ಕೀಗಳ ನಡುವೆ ಒಂದು ಕೈಯಗಲ ಬಿಡಿ. ಮಂಡಿ ಮೆತ್ತಗಿರಲಿ. ನೀವು ಏನೂ ಮಾಡಬೇಡಿ, ಅದು ಎಳೆಯಲಿ."

ಹಿಂದಿನ ದಿನದಿಂದ ನಾನು ಮಾಡುತ್ತಿದ್ದ ತಪ್ಪು ಆಗ ತಿಳಿಯಿತು. ನಾನು ಹೋಗಲು ಪ್ರಯತ್ನ ಪಡುತ್ತಿದ್ದೆ. ಸುಮ್ನೆ ನಿಲ್ಲಬೇಕಿತ್ತು. ಭಾರ ಎರಡೂ ಕಾಲಿಗೆ ಸಮ ಹಾಕಿ, ನೆಲ ಉಬ್ಬಿದಲ್ಲಿ ಮಂಡಿ ಬಗ್ಗಿಸಿ, ತಗ್ಗಿದಲ್ಲಿ ಬಿಟ್ಟು, ಸ್ಕೀ ಎರಡನ್ನೂ ಜಾಡಿನಲ್ಲಿ ನೇರ ಇಟ್ಟುಕೊಂಡು ನಿಲ್ಲುವುದು. ಇಳಿಯುವಾಗ ಬೇಕಾದದ್ದೂ ಇದೇ ನಿಲುವು. ಕುರ್ಚಿ ಲಿಫ್ಟಿನಲ್ಲಿ ಕಾಲು ಜೋತಾಡಿಸಿಕೊಂಡು ಹೋಗಿದ್ದರೆ ಮೇಲೆ ಹೋಗುವ ಅಷ್ಟೂ ಹೊತ್ತು ಕಾಲು ಏನೂ ಕಲಿಯುತ್ತಿರಲಿಲ್ಲ. ಇಲ್ಲಿ ಕಾಲಿಗೆ ಹಿಮದ ಪರಿಚಯ ಆಗುತ್ತಲೇ ಇರುತ್ತದೆ. ಜೊತೆ ಕೆಲಸ ಮಾಡುವವರು ಹೇಳಿದ ಮಾತು ಅಲ್ಲಿ, ಅಜ್ಜಿಯ ಹೆಗಲಿಗೆ ಒರಗಿಕೊಂಡು ನಿಂತಾಗ, ಅರ್ಥ ಆಯ್ತು.

ಅಜ್ಜಿ ದಾರಿಯುದ್ದಕ್ಕೂ ಮಾತಾಡಿದರು. ಈ ಕಣಿವೆಯವರೇ. ಅವರ ಸ್ವಿಸ್ ಜರ್ಮನ್ ನನಗೆ ಅರ್ಧಕ್ಕರ್ಧ ಅರ್ಥ ಆಯ್ತು. ನಾವು ಹೋಗುತ್ತಿದ್ದದ್ದು ಬೇಸಿಗೆಯಲ್ಲಿ ದನ ಮೇಯುವ ಹುಲ್ಲುಗಾವಲಂತೆ, ಕೆಳಗೆ ಕೋಲು ಕೊಟ್ಟ ಅಣ್ಣನೂ ಬೇಸಿಗೆಯಲ್ಲಿ ಹಸು ಸಾಕುವವರಂತೆ. ಚಳಿಗಾಲದಲ್ಲಿ ಲಿಫ್ಟ್ ಕೆಲಸ, ಬೇಸಿಗೆಯಲ್ಲಿ ಹಾಲಿನ ಕೆಲಸ. ತುದಿ ಬಂದಾಗ "ಈಗ!" ಅಂದರು. ಕೋಲನ್ನು ಅವರೇ ಹಿಡಿದು ಬಿಟ್ಟರು, ನಾನು ಪಕ್ಕಕ್ಕೆ ಜಾರಿ ನಿಂತೆ. ಬೀಳಲಿಲ್ಲ. ತಿರುಗಿ ಥ್ಯಾಂಕ್ಸ್ ಹೇಳುವಷ್ಟರಲ್ಲಿ ಅಜ್ಜಿ ಇಳಿಜಾರಿನಲ್ಲಿ ಎರಡು ತಿರುವು ದಾಟಿ ಹೋಗಿದ್ದರು. ಎಷ್ಟು ಚೆನ್ನಾಗಿ ಹೋಗುತ್ತಿದ್ದರು ಅಂತೀರಿ!

ಇಳಿಯುವ ದಾರಿಗೆ ಬಣ್ಣ ಇರುತ್ತದೆ. ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ನಾನು ನೀಲಿ ಕಂಬ ಹಿಡಿದು ಇಳಿದೆ. ದಾರಿಯ ಅಗಲಕ್ಕೂ ಅಡ್ಡ ಹೋಗಿ, ತಿರುಗಿ, ಮತ್ತೆ ಅಡ್ಡ. ಮುಂದೆ, ಕೆಳಗೆ ಇರುವವರಿಗೆ ಮೊದಲ ಹಕ್ಕು, ಹಿಂದಿನಿಂದ ಬರುವವರೇ ನೋಡಿಕೊಂಡು ಹೋಗಬೇಕು ಅನ್ನುವುದು ಇಲ್ಲಿ ಎಲ್ಲರೂ ಪಾಲಿಸುವ ನಿಯಮ. ಅದು ಗೊತ್ತಿದ್ದದ್ದರಿಂದ ಹಿಂದೆ ನೋಡುವ ಚಿಂತೆ ಇರಲಿಲ್ಲ. ನಿಲ್ಲುವುದಾದರೆ ದಾರಿಯ ಅಂಚಿಗೆ ಹೋಗಿ ನಿಲ್ಲಬೇಕು, ಮೇಲಿಂದ ಬರುವವರಿಗೆ ಕಾಣದ ತಿರುವಿನ ಕೆಳಗೆ ಅಲ್ಲ. ಮೂರು ಸಲ ಬಿದ್ದೆ, ಮೂರು ಸಲವೂ ಬೆಟ್ಟದ ಕಡೆಗೆ. ಸಣ್ಣ ಜಾಗದ ಒಳ್ಳೆಯತನ ಅಂದರೆ ಇದು. ಯಾರೂ ಮೇಲಿಂದ ನುಗ್ಗಿ ಬರಲಿಲ್ಲ. ದೊಡ್ಡ ಬೆಟ್ಟಗಳಲ್ಲಿ ರಜೆಯ ವಾರ ಹೇಗಿರುತ್ತದೆ ಅಂತ ಆಮೇಲೆ ಕೆಳಗಿನಿಂದ ನೋಡಿದೆ, ಅಲ್ಲಿ ನಾನು ಕಲಿಯುತ್ತಿರಲಿಲ್ಲ.

ಗುರುತು ಹಾಕಿದ ದಾರಿ ಬಿಟ್ಟು ಆಚೆ ಹೋಗಬಾರದು ಅನ್ನುವುದನ್ನು ಮಾತ್ರ ಯಾರೂ ಹಗುರಾಗಿ ತೆಗೆದುಕೊಳ್ಳಬೇಡಿ. ಹಿಮ ಕುಸಿತದ ಅಪಾಯವನ್ನು 1ರಿಂದ 5ರ ತನಕ ಅಳೆದು ಪ್ರತಿದಿನ ಹೇಳುತ್ತಾರೆ. ಹೇಳುವ ಸಂಸ್ಥೆ ಇರುವುದು ದಾವೋಸ್‌ನಲ್ಲೇ, 1942ರಿಂದ ಹಿಮದ ಮೇಲೆ ಸಂಶೋಧನೆ ಮಾಡುತ್ತಿದೆ. ನಾವು ಹೋದ ದಿನ 2 ಇತ್ತು. ಹಾಗೇ, ಭಾರತದಿಂದ ಪ್ರವಾಸಕ್ಕೆ ಬರುವವರು ಪ್ರಯಾಣದ ವಿಮೆಯಲ್ಲಿ ಸ್ಕೀ ಸೇರಿದೆಯಾ ಅಂತ ಓದಿಕೊಂಡೇ ಬನ್ನಿ, ಎಷ್ಟೋ ಪಾಲಿಸಿಗಳಲ್ಲಿ ಅದನ್ನು ಹೊರಗಿಟ್ಟಿರುತ್ತಾರೆ.

ಮಧ್ಯಾಹ್ನ ಬಿಸಿಲಿನಲ್ಲಿ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಸುರುಳಿ ಸುತ್ತಿ ತಂದಿದ್ದೆ. ತುಪ್ಪ ಗಟ್ಟಿಯಾಗಿತ್ತು, ಆದರೂ ಅಷ್ಟು ರುಚಿಯಾದ ಚಪಾತಿ ನಾನು ತಿಂದಿಲ್ಲ. ಕುಡಿಯಲು ಬಿಸಿ ಓವೊಮಾಲ್ಟಿನ್ ತೆಗೆದುಕೊಂಡೆವು, ನಮ್ಮ ಬೋರ್ನ್‌ವಿಟಾದಂಥ ಮಾಲ್ಟ್ ಪಾನೀಯ ಅದು. ಬಾರ್ಲಿ ಸೂಪು ಈ ಕಡೆಯ ವಿಶೇಷ, ಆದರೆ ಅದರಲ್ಲಿ ಮಾಂಸ ಇರುವುದೇ ಹೆಚ್ಚು, ಸಸ್ಯಾಹಾರಿಗಳು ಕೇಳಿ ತೆಗೆದುಕೊಳ್ಳಬೇಕು. ರೋಸ್ಟಿ ಆದರೆ ಆಲೂಗಡ್ಡೆ ತುರಿದು ಹುರಿದದ್ದು, ಮಗಳಿಗೆ ಇಷ್ಟ.

ಊಟ ಆದ ಮೇಲೆ ಮಗಳು "ಅಮ್ಮ, ಈಗ ನನ್ನ ಜೊತೆ" ಅಂದಳು. ಅವಳ ಎತ್ತರಕ್ಕೂ ನನ್ನ ಎತ್ತರಕ್ಕೂ ಒಂದಡಿ ವ್ಯತ್ಯಾಸ. ಲಿಫ್ಟ್ ಅಣ್ಣನೇ ಉಪಾಯ ಹೇಳಿಕೊಟ್ಟರು. ಪಟ್ಟಿ ಮಗುವಿಗೆ ಸರಿಯಾಗಿ ಇರಲಿ, ನಿಮಗೆ ತೊಡೆಯ ಕೆಳಗೆ ಬಂದರೂ ಪರವಾಗಿಲ್ಲ, ಒಳಗಿನ ಕೈಯಲ್ಲಿ ನಡುಗೋಲು ಗಟ್ಟಿಯಾಗಿ ಹಿಡಿದುಕೊಳ್ಳಿ. ಹಿಡಿದುಕೊಂಡೆ. ಅರ್ಧ ದಾರಿಯಲ್ಲಿ ಅವಳ ಸ್ಕೀ ಒಂದು ಜಾಡು ತಪ್ಪಿತು. "ಏನೂ ಮಾಡಬೇಡ ಪುಟ್ಟಿ, ಒರಗು ನನಗೆ" ಅಂದೆ. ಒರಗಿದಳು. ಸ್ಕೀ ತಾನಾಗಿ ಜಾಡಿಗೆ ಬಂತು.

ಅವತ್ತು ಆ ಲಿಫ್ಟಿನಲ್ಲಿ ಒಟ್ಟು ಒಂಬತ್ತು ಸಲ ಹೋದೆವು. ಕೊನೆಯ ಮೂರು ಸಲ ಮಗಳು ಇಳಿಯುವಾಗ ನನಗಿಂತ ಮುಂದೆ ಹೋಗಿ ಕೆಳಗೆ ಕೋಲು ಊರಿಕೊಂಡು ಕಾಯುತ್ತಿದ್ದಳು. ನಾಲ್ಕು ಗಂಟೆ ಆಗುತ್ತಿದ್ದ ಹಾಗೆ ನೆರಳು ಗುಡ್ಡದ ಮೇಲೆ ಹರಿದು ಬಂತು, ಬೆಳಿಗ್ಗೆ ಮೆತ್ತಗಿದ್ದ ಹಿಮ ಗಟ್ಟಿ ಕಟ್ಟಿ ಸ್ಕೀ ಕೆಳಗೆ ಕರಕರ ಅನ್ನತೊಡಗಿತು. ಕಣಿವೆಯ ತನಕ ಸ್ಕೀ ಮೇಲೇ ಇಳಿಯುವ ದಾರಿಯೂ ಇದೆ, ಆದರೆ ಕಾಲು ಸೋತಿತ್ತು, ಸೋತ ಕಾಲಲ್ಲೇ ಹೆಚ್ಚು ಜನ ಪೆಟ್ಟು ಮಾಡಿಕೊಳ್ಳುವುದು ಅಂತ ಟೀಚರಮ್ಮ ಹೇಳಿದ್ದರು. ಗೊಂಡೋಲಾದಲ್ಲೇ ಇಳಿದೆವು. ಅಣ್ಣ ಕೋಲುಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದವರು ಕೈ ಎತ್ತಿದರು. ಗ್ಲಾರಿಸ್ ಸ್ಟೇಶನ್ನಿನಲ್ಲಿ ಬೂಟಿನ ಕೊಂಡಿ ಬಿಚ್ಚಿದಾಗ ಸಿಕ್ಕ ಸುಖವನ್ನು ಮಾತಲ್ಲಿ ಹೇಳುವುದಕ್ಕೆ ಆಗಲ್ಲ.

ಮಾರ್ಚ್ ಎರಡನೇ ಶನಿವಾರಕ್ಕೆ ಮತ್ತೆ ರೈಲು ಟಿಕೆಟ್ ತೆಗೆದಿದ್ದೇವೆ. ಬೂಟು ಈ ಸಲ 24.5ರದ್ದೇ ಕೇಳಬೇಕು, ಮಗಳಿಗೆ 22.5.